ನಲವತ್ತೊಂದನೇ ವಾಲ್ವ್

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಬೆನ್ನ ಹಿಂದೆ ಎಲ್ಲರೂ ಅನುಮಾನದಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಪೈಪುಗಳ ನಕ್ಷೆ ಬರೆದವಳು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಹೊಸಬರಿಗೆ ಗಿಟ್ ಎಂಬ ತಂತ್ರಾಂಶ ಕಲಿಸುವ ಕೆಲಸ ಅವಳ ತಲೆಗೇ ಬಂತು. ಯಾವ ವಾಲ್ವ್ ತೆರೆದಿದೆ, ಯಾವುದು ಮುಚ್ಚಿದೆ ಎಂಬ ಪಟ್ಟಿಯನ್ನು ಎರಡು ಕಚೇರಿಯವರು ತಿದ್ದುತ್ತಿದ್ದರು. ಯಾರು ಏನು ತಿದ್ದಿದರೆಂಬುದು ಗಿಟ್‌ನಲ್ಲಿ ಉಳಿಯುತ್ತಿತ್ತು. ಇನ್ನೊಂದು ಕಚೇರಿಯಲ್ಲಿ ತಿದ್ದುವವಳು ಅವಳ ಓರಗಿತ್ತಿ. ಒಲೆ ಬೇರೆಯಾಗಿ ಒಂಬತ್ತು ವರ್ಷ, ಮಾತಿಲ್ಲ.

ಆ ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವಳ ಕಂಪ್ಯೂಟರಿನಲ್ಲಿ ನೇರವಾಗಿ ಪುಲ್ ಮಾಡಲು ಹೋದಳು. ಅನುಮಾನದಕ್ಕ ಕೈ ಹಿಡಿದು ತಡೆದಳು.

“ಪುಲ್ ಅಂದ್ರೆ ಆ ಕಚೇರಿಯವರು ತಿದ್ದಿದ್ದನ್ನ ತಂದು ಹಾಗೇ ಸೇರಿಸಿಬಿಡುತ್ತೆ. ಮೊದಲು ಫೆಚ್ ಮಾಡು. ಬಂದಿದ್ದು ಜಗಲೀಲಿ ಕೂತಿರುತ್ತೆ, ನಿನ್ನ ಫೈಲ್ ಮುಟ್ಟಲ್ಲ. ಯಾರು ಏನು ಮಾಡಿದ್ದಾರೆ ನೋಡಿ, ಆಮೇಲೆ ಮರ್ಜ್ ಮಾಡಿ ಸೇರಿಸು.”

ಮೂರು ತಿದ್ದುಪಡಿ ಬಂದಿದ್ದವು. ಎರಡು ಬೇರೆ ಸಾಲಿನವು, ಸದ್ದಿಲ್ಲದೆ ಸೇರಿಕೊಂಡವು. ಮೂರನೆಯದಕ್ಕೆ ಮರ್ಜ್ ನಿಂತುಬಿಟ್ಟಿತು. ನಲವತ್ತೊಂದನೇ ವಾಲ್ವ್: ಅನುಮಾನದಕ್ಕ ಹಿಂದಿನ ದಿನ ‘ಮುಚ್ಚಿದೆ’ ಎಂದು ಬರೆದು ಇನ್ನೂ ಕಳಿಸಿರಲಿಲ್ಲ, ಓರಗಿತ್ತಿ ‘ತೆರೆದಿದೆ’ ಎಂದಿದ್ದಳು. ಒಂದೇ ಸಾಲನ್ನು ಇಬ್ಬರು ತಿದ್ದಿದರೆ ಗಿಟ್ ಎರಡನ್ನೂ ಮುಂದಿಡುತ್ತದೆ, ಆರಿಸಬೇಕಾದವರು ನಾವೇ ಎಂದು ಹುಡುಗಿಗೆ ಹೇಳಿದಳು. ನನ್ನ ತಪ್ಪು ಹುಡುಕುವುದಕ್ಕೇ ಕಾದಿದ್ದಾಳೆ ಎಂದುಕೊಂಡು ಓರಗಿತ್ತಿಯ ಸಾಲು ಅಳಿಸಲು ಹೊರಟಳು.

ಹುಡುಗಿ ತಿದ್ದುಪಡಿಯ ಜೊತೆಗಿದ್ದ ಟಿಪ್ಪಣಿ ಓದಿದಳು: “ಮುಚ್ಚಿದೆ ಅಂತ ವಾಲ್ವಿಗೆ ಚೀಟಿ ಕಟ್ಟಿದೆ. ಕಿವಿ ಇಟ್ಟು ಕೇಳಿದೆ, ನೀರು ಹರಿಯುತ್ತಿದೆ.”

ವಾಲ್ವ್ ಮುಚ್ಚಿದೆ ಎಂದು ಅನುಮಾನದಕ್ಕ ಎರಡೂ ಕಚೇರಿಗೆ ಸೂಚನೆ ಕಳಿಸಿದ್ದಳು, ಅದನ್ನು ನಂಬಿ ಮಧ್ಯಾಹ್ನ ಅಲ್ಲೇ ಗುಂಡಿಗಿಳಿದು ಕೆಲಸಗಾರರು ಪೈಪ್ ಕತ್ತರಿಸಬೇಕಿತ್ತು. ಅನುಮಾನದಕ್ಕ ಚೀಟಿಯನ್ನೂ ನಂಬಲಿಲ್ಲ, ಟಿಪ್ಪಣಿಯನ್ನೂ ನಂಬಲಿಲ್ಲ. ಹುಡುಗಿಯನ್ನು ಕರೆದುಕೊಂಡು ಹೋಗಿ, ವಾಲ್ವ್ ಮೇಲೆ ಊರಿದ ಕಬ್ಬಿಣದ ಸಲಾಕೆಯ ತುದಿಗೆ ಕಿವಿಯಿಟ್ಟಳು. ಒಳಗೆ ನೀರು ಭೋರೆನ್ನುತ್ತಿತ್ತು. ಚಕ್ರ ಮಾತ್ರ ಮುಚ್ಚುವ ಕಡೆಗೆ ಪೂರ್ತಿ ತಿರುಗಿತ್ತು. ಅಂದರೆ ನೀರು ತಡೆಯುವ ಒಳಗಿನ ತಟ್ಟೆಯೇ ಮುರಿದಿರಬೇಕು.

ಅಲ್ಲಿಂದಲೇ ಫೋನ್ ಮಾಡಿ ಕೆಲಸ ನಿಲ್ಲಿಸಿದಳು. ಕಚೇರಿಗೆ ಬಂದು ತನ್ನ ಸಾಲನ್ನು ಅಳಿಸಿ, ಓರಗಿತ್ತಿಯದನ್ನು ಉಳಿಸಿ, ಮರ್ಜ್ ಮುಗಿಸಿ, ಎರಡೂ ಕಚೇರಿಗೆ ಸಿಗುವಂತೆ ಪುಶ್ ಮಾಡಿದಳು. ಆದರೂ ಮನಸ್ಸು ತಡೆಯಲಿಲ್ಲ. ಒಂಬತ್ತು ವರ್ಷದ ಮೇಲೆ ಓರಗಿತ್ತಿಯ ನಂಬರಿಗೆ ಕರೆ ಮಾಡಿದಳು.

“ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?”

“ಸೂಚನೇಲಿ ನೀವು ಬರೆದಿದ್ದು ನಂಬೋಕಾಗಲಿಲ್ಲ ಅಕ್ಕ, ಅದಕ್ಕೆ.”

ಕೋಪ ಬರಬೇಕಿತ್ತು, ನಗು ಬಂತು. ಹೊಸಬರ ಮುಂದಿನ ತಂಡಕ್ಕೆ ಇಬ್ಬರೂ ಸೇರಿ ಪಾಠ ಮಾಡಿದರು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಅಲ್ಲೇ ಟೈಪ್ ಮಾಡಿ ಪರೀಕ್ಷಿಸುತ್ತಿದ್ದಳು.