ನಾಲ್ಕು ಜೀಪು, ಒಂದು ಹಸಿರು ಬೆಂಚು

ನಮ್ಮ ದೊಡ್ಡಪ್ಪನ ಬಳಿ ನಾಲ್ಕು ಹಳೆಯ ಜೀಪುಗಳಿವೆ. ಮೂರು ಓಡುತ್ತವೆ, ನಾಲ್ಕನೆಯದಕ್ಕೆ ಎಂಜಿನ್ ಇಲ್ಲ. ನಾಲ್ಕೂ ದೊಡ್ಡಪ್ಪನಿಗಿಂತ ಹಿರಿಯವು ಎಂದು ಬೀದಿಯವರು ಹೇಳುತ್ತಾರೆ. ಅದು ತಪ್ಪು. ಎರಡು ಮಾತ್ರ ಹಿರಿಯವು.

ದೊಡ್ಡಪ್ಪ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದವರು. ಹಳೆಯ ಗಾಡಿ ಮನೆಗೆ ಬಂದ ದಿನ ಬೇರೆಯವರಾದರೆ ಮೊದಲು ಎಂಜಿನ್ ನೋಡುತ್ತಾರೆ. ಇವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಯಾರ ಕಣ್ಣಿಗೂ ಬೀಳದ ಕಡೆ, ಬ್ಲೇಡಿನಿಂದ ಉಗುರಗಲ ಕೆರೆಯುತ್ತಾರೆ. ಒಂದರ ಕೆಳಗೊಂದು ಬಣ್ಣ ಬರುತ್ತದೆ. ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಮಣ್ಣಿನ ಬಣ್ಣ. ಆಮೇಲೆ ತಗಡು.

“ಮೇಲೆ ಯಾರು ಏನೇ ಬಳೀಲಿ, ಹುಟ್ಟಿದ ಬಣ್ಣ ಎಲ್ಲೂ ಹೋಗಲ್ಲ. ಕೆಳಗೇ ಇರುತ್ತೆ” ಎನ್ನುತ್ತಾರೆ. ಆಮೇಲೆ ಇಡೀ ಗಾಡಿಗೆ ಅದೇ ಬಣ್ಣ ಹೊಡೆಯುತ್ತಾರೆ.

ಮನೆಯ ಹಿಂದಿನ ಶೆಡ್ಡಿನ ಗೋಡೆಗಳಲ್ಲಿ ಸ್ಟೀರಿಂಗ್ ಚಕ್ರ, ಹೆಡ್‌ಲೈಟು, ಹಾರನ್ನು, ಓಡದ ಮೀಟರು, ನಂಬರ್ ಪ್ಲೇಟುಗಳು ತೂಗುತ್ತವೆ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಅದರಲ್ಲಿ ಮೂರೇ ಸಾಲು: ಯಾವ ಗಾಡಿಯದು, ಯಾವ ಊರಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು. ಮೂರರಲ್ಲಿ ಒಂದು ಸಾಲು ಖಾಲಿ ಇದ್ದರೂ ಆ ವಸ್ತು ಗೋಡೆಗೆ ಏರುವುದಿಲ್ಲ, ಮೂಲೆಯ ಡಬ್ಬಿಯಲ್ಲಿ ಕಾಯುತ್ತದೆ.

ಜೀಪುಗಳ ಕ್ಯಾನ್ವಾಸ್ ಹೊದಿಕೆಗಳನ್ನೆಲ್ಲ ಹೊಲಿದವರು ದೊಡ್ಡಮ್ಮ. ಅವರ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ದಪ್ಪ ಬಟ್ಟೆಗೆ ಸೂಜಿ ಮುರಿದಾಗಲೆಲ್ಲ “ಮಕ್ಕಳ ಬಟ್ಟೆ ಹೊಲಿಯೋ ಕೈ ಇದು, ಆನೆಗೆ ಅಂಗಿ ಹೊಲೀತಿದೆ” ಎಂದು ಶೆಡ್ಡಿಗೆ ಕೇಳುವಂತೆ ಹೇಳುತ್ತಿದ್ದರು.

ವರ್ಷದ ಕೊನೆಯ ರಜೆಯಲ್ಲಿ ಊರಿಗೆ ಊರೇ ಪ್ರಯಾಣ ಹೊರಡುತ್ತದೆ. ಬಸ್ಸುಗಳೆಲ್ಲ ರಸ್ತೆಯಲ್ಲೇ ಇರುವುದರಿಂದ ಬಣ್ಣ ಹೊಡೆಯಲು ಡಿಪೋದಲ್ಲಿ ಒಂದೂ ನಿಲ್ಲುವುದಿಲ್ಲ. ಹಾಗಾಗಿ ಪೇಂಟರ್‌ಗಳಿಗೆ ಆಗ ಹತ್ತು ದಿನ ರಜೆ. ಪ್ರತಿ ವರ್ಷವೂ ದೊಡ್ಡಮ್ಮ ಕೇಳುತ್ತಿದ್ದದ್ದು ಒಂದೇ, ಸಮುದ್ರ. ಅವರು ಅದನ್ನು ನೋಡಿಯೇ ಇರಲಿಲ್ಲ. ಪ್ರತಿ ವರ್ಷವೂ ಜೀಪು ಸಮುದ್ರದ ಕಡೆಗೇ ಹೊರಡುತ್ತಿತ್ತು. ದಾರಿಯಲ್ಲಿ ಯಾವನೋ ಮೆಕ್ಯಾನಿಕ್ “ಇಲ್ಲೇ ಹತ್ತಿರದಲ್ಲಿ ಒಂದು ಹಳೇ ಬಾನೆಟ್ ಬಿದ್ದಿದೆ” ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಇಪ್ಪತ್ತಾರು ವರ್ಷ ಹೀಗೇ ಆಯಿತು. ಚೀಟಿಗಳಲ್ಲಿ ಆ ದಾರಿಯ ಊರುಗಳ ಹೆಸರು ನೋಡಿ ನಾನೇ ಎಣಿಸಿದ್ದರಿಂದ ಈ ಲೆಕ್ಕ ಸರಿಯಾಗಿದೆ.

“ಬೇರೆಯವರು ರಜೆಗೆ ಹೋದ್ರೆ ಫೋಟೋ ತರ್ತಾರೆ. ನಾವು ಬಂಪರ್ ತರ್ತೀವಿ” ಎಂದು ದೊಡ್ಡಮ್ಮ ನಗುತ್ತಿದ್ದರು.

ಇಪ್ಪತ್ತೇಳನೆಯ ವರ್ಷ ಅವರು ನಗಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ, ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಎದುರಿಗೆ ಒಂದು ಕಿಂಡಿಯಷ್ಟು ಮಾತ್ರ ಉಳಿದಿತ್ತು. ರಜೆ ಮುಗಿದ ಮಾರನೆಯ ದಿನವೇ ಆಪರೇಷನ್. ಉಳಿದದ್ದು ಉಳಿಯಬಹುದು, ಉಳಿಯದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಮನೆಗೆ ಬಂದು ದೊಡ್ಡಮ್ಮ ಯಂತ್ರಕ್ಕೆ ಮುಸುಕು ಹಾಕಿ, “ರೀ, ಈ ಸಲ ಮಾತ್ರ ಎಲ್ಲೂ ತಿರುಗಿಸಬೇಡಿ” ಎಂದರು.

“ತಿರುಗಿಸಲ್ಲ ಕಣೇ.”

ಈ ಮಾತನ್ನು ದೊಡ್ಡಪ್ಪ ಉಳಿಸಿಕೊಂಡರು. ದಾರಿಯಲ್ಲಿ ಒಬ್ಬ ಹಳೆಯ ಹೆಡ್‌ಲೈಟಿನ ಆಸೆ ತೋರಿಸಿದಾಗಲೂ ಕಿವಿ ಕೇಳದವರ ಹಾಗೆ ಗೇರು ಹಾಕಿದರಂತೆ. ಅವರು ತಪ್ಪು ಮಾಡಿದ್ದು ಹೊರಡುವ ಮೊದಲು.

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆಯಲು ಜೀಪಿನಲ್ಲಿ ಒಂದು ಪುಟ್ಟ ಪಂಪು ಇರುತ್ತದೆ. ಅದರೊಳಗೆ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರು ಬಿಲ್ಲೆ. ಅದು ಹಳತಾಗಿತ್ತು. ಶೆಡ್ಡಿನ ಬೀರುವಿನಲ್ಲಿ, ಜೀಪು ಹುಟ್ಟಿದ ಕಾಲದ್ದೇ ಒಂದು ಬಿಲ್ಲೆ, ಕಾರ್ಖಾನೆಯ ಮುದ್ರೆ ಒಡೆಯದ ಡಬ್ಬಿಯಲ್ಲಿತ್ತು. ಅವರ ಸಂಗ್ರಹದಲ್ಲೆಲ್ಲ ಹೆಚ್ಚು ಜೋಪಾನ ಮಾಡಿದ ವಸ್ತು ಅದು. ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ದೊಡ್ಡಮ್ಮನ ಪ್ರಯಾಣಕ್ಕೆಂದು ಆ ಮುದ್ರೆಯನ್ನು ಅವರೇ ಒಡೆದರು.

ಪಕ್ಕದ ಬೀದಿಯ ಮೆಕ್ಯಾನಿಕ್ ತಲೆ ಚಚ್ಚಿಕೊಂಡ. “ಅಣ್ಣಾ, ಹೊಸದು ಹಾಕೋಣ. ರಬ್ಬರು ಏನು ಉಪ್ಪಿನಕಾಯಾ, ಇಟ್ಟಷ್ಟೂ ರುಚಿ ಆಗೋಕೆ?”

“ಅಸಲಿ ಇರುವಾಗ ನಕಲಿ ಯಾಕಪ್ಪಾ? ಇವಳ ಪ್ರಯಾಣ ಇದು” ಎಂದರು ದೊಡ್ಡಪ್ಪ.

ಇವಳ ಪ್ರಯಾಣ ಎನ್ನುವುದಕ್ಕೇ ಅಸಲಿ ಹಾಕಿದರು. ಇದನ್ನು ನಾನು ದೊಡ್ಡಪ್ಪನನ್ನೂ ಮೆಕ್ಯಾನಿಕ್ಕನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡಿದ್ದೇನೆ.

ಜೀಪು ಸಿದ್ಧವಾಗಿ ಹೊರಟದ್ದೇ ರಜೆಯ ಐದನೆಯ ದಿನ. ಪ್ರಯಾಣದ ಮೂರನೆಯ ದಿನ, ಸಮುದ್ರ ಇನ್ನೂ ಮೂವತ್ತೆಂಟು ಕಿಲೋಮೀಟರ್ ಇರುವಾಗ, ಒಂದು ಪಂಕ್ಚರ್ ಅಂಗಡಿಯ ಮುಂದೆ ಜೀಪು ನಿಂತಿತು. ಒಣಗಿದ್ದ ಬಿಲ್ಲೆ ನಡುವೆ ಸೀಳಿತ್ತು. ರಜೆಯಾದ್ದರಿಂದ ಬಿಡಿಭಾಗದ ಅಂಗಡಿಗಳೆಲ್ಲ ಮುಚ್ಚಿದ್ದವು. ಆಪರೇಷನ್ನಿನ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕಾದರೆ ಮಾರನೆಯ ಬೆಳಿಗ್ಗೆ ಅಲ್ಲಿಂದ ಹೊರಡಲೇಬೇಕಿತ್ತು.

ಪಂಕ್ಚರ್ ಅಂಗಡಿಯವನು, “ಇಪ್ಪತ್ತು ನಿಮಿಷಕ್ಕೆ ಸಮುದ್ರದ ಬಸ್ ಬರುತ್ತೆ. ಹೋಗ್ಬನ್ನಿ, ಗಾಡಿ ನಾನು ನೋಡ್ಕೋತೀನಿ” ಎಂದ.

“ಬನ್ನಿ, ಬಸ್ಸಲ್ಲೇ ಹೋಗೋಣ” ಎಂದರು ದೊಡ್ಡಮ್ಮ.

“ಗಾಡಿಗೆ ಬಾಗಿಲಿಲ್ಲ ಕಣೇ.”

“ಇಷ್ಟು ದಿನವೂ ಇರಲಿಲ್ಲ.”

“ಹಾರನ್ನು, ದೀಪ, ಎಲ್ಲ ಅಸಲಿ. ಒಂದು ಸ್ಪ್ಯಾನರ್ ಇದ್ರೆ ಸಾಕು, ಯಾರು ಬೇಕಾದ್ರೂ ಬಿಚ್ಕೊಂಡು ಹೋಗ್ತಾರೆ.”

ಬಸ್ ಬಂತು. ದೊಡ್ಡಮ್ಮ ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ತಡವಿ, ಕಂಬಿ ಹಿಡಿದು, ಒಬ್ಬರೇ ಹತ್ತಿದರು. ದೊಡ್ಡಪ್ಪ ಕಿಟಕಿಯ ತನಕ ಹೋಗಿ ನೀರಿನ ಬಾಟಲಿ ಕೊಟ್ಟರು. ಕೊಟ್ಟು ಜೀಪಿನ ಹತ್ತಿರಕ್ಕೆ ಬಂದು ನಿಂತರು.

ಪಂಕ್ಚರ್ ಅಂಗಡಿಯವನು ಹಳೆಯ ಟ್ಯೂಬಿನ ತುಂಡೊಂದನ್ನು ಬಿಲ್ಲೆಯ ಅಳತೆಗೆ ಕತ್ತರಿಸಿ ಹಿಡಿದ. ದೊಡ್ಡಪ್ಪ ಬೇಡ ಎಂದರು. ಮಧ್ಯಾಹ್ನ ದಾಟಿದ ಮೇಲೆ ತಾವಾಗಿ ಕೈ ಚಾಚಿದರು. ಅದನ್ನು ಕೂರಿಸಿದಾಗ ಜೀಪು ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತಂತೆ. “ಬೆಳಿಗ್ಗೆನೇ ಹಾಕಿದ್ರೆ ಇಬ್ಬರೂ ಇದ್ರಲ್ಲೇ ಹೋಗಬಹುದಿತ್ತಲ್ಲ ಯಜಮಾನ್ರೇ” ಎಂದು ಆತ ಕೈ ಒರೆಸಿಕೊಂಡ. ಅದು ದೊಡ್ಡಮ್ಮ ಆಗಲೇ ವಾಪಸ್ ಹೊರಟಿರುವ ಹೊತ್ತು.

ಸಂಜೆ ಬಸ್ಸಿಳಿದ ದೊಡ್ಡಮ್ಮನ ಚಪ್ಪಲಿಯ ತುಂಬ ಮರಳು.

“ಹೇಗಿತ್ತು?”

“ನೀರು” ಎಂದರು. ಚಪ್ಪಲಿ ಕೊಡವುತ್ತ, “ತುಂಬ ನೀರು” ಎಂದರು.

ವಾಪಸಿನ ದಾರಿಯಲ್ಲಿ ಮಾತ್ರ ಒಂದೊಂದಾಗಿ ಹೇಳಿದರು. ಕಿಂಡಿಯಷ್ಟೇ ಕಾಣುತ್ತಿದ್ದುದರಿಂದ ಒಮ್ಮೆಗೆ ಒಂದನ್ನೇ ನೋಡಿ, ಮನಸ್ಸಿನಲ್ಲಿ ಇಟ್ಟುಕೊಂಡು, ಆಮೇಲೆ ಇನ್ನೊಂದರ ಕಡೆ ತಿರುಗಿದರಂತೆ. ಎಡಗಡೆ ಒಂಬತ್ತು ದೋಣಿ. ಬಲಗಡೆ ಒಂದು ಮುರಿದ ಗೋಡೆ. ತಾವು ಕೂತದ್ದು ಹಸಿರು ಬೆಂಚಿನ ಮೇಲೆ, ಬಣ್ಣ ಪುಡಿಪುಡಿಯಾಗಿ ಏಳುತ್ತಿತ್ತು. ಅವರ ಬಟ್ಟೆಯ ಹಿಂಬದಿಗೆ ಆ ಹಸಿರಿನ ಚೂರು ಅಂಟಿಕೊಂಡೇ ಬಂದಿತ್ತು. ದೊಡ್ಡಪ್ಪ ಅದನ್ನು ಬಿಡಿಸಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟರು. ಈಗ ಅದು ಶೆಡ್ಡಿನ ಗೋಡೆಯಲ್ಲಿದೆ. ಚೀಟಿಯಲ್ಲಿ ಯಾವ ಗಾಡಿಯದು ಎನ್ನುವ ಕಡೆ ‘ಬೆಂಚು’ ಎಂದಿದೆ. ಯಾರ ಕೈಯಿಂದ ಎನ್ನುವ ಕಡೆ ‘ಮನೆಯವಳು’ ಎಂದಿದೆ.

ಆಪರೇಷನ್ ಕೈಹಿಡಿಯಲಿಲ್ಲ. ಐದು ತಿಂಗಳಲ್ಲಿ ಕಿಂಡಿಯೂ ಮುಚ್ಚಿತು. “ನಿಮ್ಮ ಕ್ಯಾನ್ವಾಸ್ ಹೊಲಿದು ಕಣ್ಣು ಹೋಗಿದ್ದಲ್ಲ, ಮುಖ ಎತ್ತಿ” ಎಂದು ದೊಡ್ಡಮ್ಮನೇ ದೊಡ್ಡಪ್ಪನಿಗೆ ಸಮಾಧಾನ ಹೇಳಿದರು. ಮುಖ ಇಳಿಬಿಟ್ಟಿದ್ದಾರೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ.

ಮುಂದಿನ ರಜೆಗೆ ದೊಡ್ಡಪ್ಪ ಶೆಡ್ಡಿನ ಬೀಗದಕೈಯನ್ನು ಮೆಕ್ಯಾನಿಕ್ಕಿಗೆ ಕೊಟ್ಟರು.

“ಯಾವ ಜೀಪು ತೆಗೀಲಿ ಅಣ್ಣಾ?”

“ಯಾವುದೂ ಬೇಡ. ಬಸ್ಸಲ್ಲಿ ಹೋಗ್ತೀವಿ.”

ಮೂವತ್ತೊಂದು ವರ್ಷ ಬಸ್ಸಿಗೆ ಬಣ್ಣ ಹೊಡೆದವರು ದೂರದ ಊರಿಗೆ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ದೊಡ್ಡಮ್ಮನ ಕೈ ಹಿಡಿಯಲು ಇನ್ನೊಬ್ಬರು ಇರಲಿ ಎಂದು ನಾನೂ ಹೋದೆ. ಆದ್ದರಿಂದ ಇನ್ನು ಮುಂದಿನದು ನಾನೇ ಕಂಡದ್ದು.

ದಡದಲ್ಲಿ ಸಾಲಾಗಿ ಬೆಂಚುಗಳಿದ್ದವು. ರಜೆಯ ಜನಕ್ಕೆಂದು ಎಲ್ಲಕ್ಕೂ ಹಳದಿ ಬಳಿದಿದ್ದರು. ದೊಡ್ಡಮ್ಮ ಮುರಿದ ಗೋಡೆಯನ್ನು ಮುಟ್ಟಿ, ಕಳೆದ ಸಲ ಎಣಿಸಿಟ್ಟುಕೊಂಡಿದ್ದ ಹೆಜ್ಜೆಗಳಷ್ಟೇ ನಡೆದು ಒಂದು ಬೆಂಚಿನ ಮುಂದೆ ನಿಂತರು. ಪೇಂಟರನ ಹೆಂಡತಿ. ಗಾಳಿಯಲ್ಲಿ ಉಪ್ಪಿನ ಜೊತೆ ಹೊಸ ಬಣ್ಣದ ವಾಸನೆ ಇದ್ದದ್ದು ಅವರಿಗೆ ತಿಳಿದೇ ಇರಬೇಕು.

“ರೀ, ಬೆಂಚು ಹಸಿರೇ ಇದೆಯಾ?”

ಸುಳ್ಳು ವಸ್ತುವನ್ನು ಗೋಡೆಗೆ ಏರಿಸಿದವರಲ್ಲ ದೊಡ್ಡಪ್ಪ. ಮರಳಿನಲ್ಲಿ ಮಂಡಿಯೂರಿ, ಬೆಂಚಿನ ಕೆಳಗೆ ಯಾರಿಗೂ ಕಾಣದ ಕಡೆ, ಹೆಬ್ಬೆರಳಿನ ಉಗುರಿನಿಂದ ಕೆರೆದರು. ಹಳದಿ ಎದ್ದು ಬಂತು.

“ಇದೆ ಕಣೇ. ಕೆಳಗಿದೆ.”

ದೊಡ್ಡಮ್ಮ ಕೈ ಚಾಚಿ, ಅವರ ಬೆರಳು ಇದ್ದ ಜಾಗವನ್ನು ತಡವಿ, ಆ ಉಗುರಗಲದ ತಗ್ಗನ್ನು ಮುಟ್ಟಿ ನೋಡಿದರು.

“ಸರಿ, ಕೂತ್ಕೊಳ್ಳಿ” ಎಂದರು. “ಈಗ ಎಡಗಡೆ ನೋಡಿ. ದೋಣಿ ಎಷ್ಟಿದೆ?”

“ಏಳು.”

“ಇನ್ನೆರಡು ನೀರಿಗೆ ಹೋಗಿರುತ್ತೆ. ಬರೋ ತನಕ ಇರೋಣ.”

ಇದ್ದೆವು. ಎಂಟನೆಯದು ಬಂದಾಗ ದೊಡ್ಡಪ್ಪ ಹೇಳಿದರು. ಒಂಬತ್ತನೆಯದಕ್ಕೆ ಅವರಿಬ್ಬರೂ ಇನ್ನೂ ಕಾಯುತ್ತಿರುವಾಗ ನಾನು ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಎದ್ದೆ.