ಬಿಸಿಲಿಗಿಟ್ಟ ಎಂಜಿನ್ನು

"ಮಾಸ್ತರೇ, ಭಟ್ಕಳದಲ್ಲಿ ರೈಲು ನಿಂತು ಹೋಗಿದೆಯಂತೆ. ನಿಮಗೆ ಕೂಡ್ಲೆ ಹೊರಟು ಬರೂಕೆ ಹೇಳಿದಾರೆ!"

ಕಳೆದ ಶನಿವಾರ ಮಧ್ಯಾಹ್ನ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮಹಾಶಯ ಫುಟ್‌ಬೋರ್ಡಿನ ಮೇಲಿಂದಲೇ ಇದನ್ನು ಕೂಗಿ ಹೇಳಿದ. ಸುತ್ತಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನೋಡದೆ ಏನು ಮಾಡುತ್ತಾರೆ? ನಮ್ಮ ಕರಾವಳಿಯವರು ರೈಲು ನೋಡಬೇಕೆಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು. ಹಳಿಯೇ ಇಲ್ಲದ ಊರಿನಲ್ಲಿ ರೈಲು ನಿಂತಿದೆ, ಅದನ್ನು ಹೊರಡಿಸಲು ಕನ್ನಡ ಶಾಲೆಯ ಮಾಸ್ತರ ಹೋಗಬೇಕು!

(ನಮ್ಮ ಕಡೆ ಟ್ರಂಕ್ ಕಾಲಿಗಿಂತ ಕಂಡಕ್ಟರೇ ವಾಸಿ. ಸುದ್ದಿ ತಲುಪುವುದು ಖಂಡಿತ. ಗುಟ್ಟು ಮಾತ್ರ ಉಳಿಯುವುದಿಲ್ಲ.)

ಹೇಳಿ ಕಳಿಸಿದವನು ಇಸ್ಮಾಯಿಲ್. ಕಾಲೇಜಿನಲ್ಲಿ ನನ್ನ ಬೆಂಚಿನವನು, ಈಗ ಭಟ್ಕಳದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಿಂತು ಹೋದದ್ದು ಆಟದ ರೈಲು. ಅವನ ತಮ್ಮ ಯೂಸುಫ್ ದುಬೈಯಿಂದ ರಜೆಗೆ ಬರುವಾಗ ಮಗಳಿಗೆಂದು ತಂದದ್ದು. ನನ್ನ ಹತ್ತಿರ ಸಣ್ಣ ಸ್ಕ್ರೂಡ್ರೈವರುಗಳ ಸೆಟ್ ಇದೆ, ಊರವರ ಟ್ರಾನ್ಸಿಸ್ಟರುಗಳನ್ನು ಬಿಚ್ಚುತ್ತೇನೆ. ಒಮ್ಮೊಮ್ಮೆ ಮತ್ತೆ ಜೋಡಿಸುವುದೂ ಉಂಟು. ಇಷ್ಟು ಸಾಕಲ್ಲ, ಎಂಜಿನಿಯರ್ ಎನ್ನಿಸಿಕೊಳ್ಳಲು?

ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದೆ. ಅವಳು ಕುಮಟೆಯವಳು, ಮಾತನ್ನು ಸುತ್ತಿ ಬಳಸಿ ಹೇಳುವ ಅಭ್ಯಾಸವಿಲ್ಲ. "ನಮ್ಮ ಅಪ್ಪನ ಮನೆ ಗಡಿಯಾರ ರಿಪೇರಿ ಮಾಡಿ ಕೊಟ್ರಲ್ಲ, ಅದು ಈಗ್ಲೂ ಹನ್ನೆರಡಕ್ಕೆ ಐದು ಹೊಡೀತದೆ. ಅಲ್ಲಿ ಹೋಗಿ ಎಂತ ಮಾಡಿ ಬರ್ತ್ರೋ!" ಎಂದಳು.

ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು, ಭಟ್ಕಳಕ್ಕೆ ತಿರುಗಿ ಹೊರಟಿದ್ದ ಅದೇ ಬಸ್ಸು ಹತ್ತಿದೆ.

ನಗುತ್ತಲೇ ಹೋದವನಿಗೆ ಇಸ್ಮಾಯಿಲನ ಮನೆ ಹೊಕ್ಕ ಮೇಲೆ ನಗು ಉಳಿಯಲಿಲ್ಲ. ಆಟದ ರೈಲಿನ ಸುತ್ತ ಮನೆಯ ದೊಡ್ಡವರೆಲ್ಲ ಡಾಕ್ಟರಿಗೆ ಕಾಯುವವರಂತೆ ಕೂತಿದ್ದರು. ಇಸ್ಮಾಯಿಲ್ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ: "ನಾಳೆ ಸಂಜೆ ತಮ್ಮ ಬಾಂಬೆ ಬಸ್ಸಿಗೆ ಹೋಗ್ತಾನೆ ಮಾರಾಯ. ಇನ್ನು ಬರೂದು ಎರಡು ವರ್ಷ ಬಿಟ್ಟು. ಮಗಳು ಈವರೆಗೂ ಅವನ ಹತ್ರ ಬರ್ಲಿಲ್ಲ. ಒಂದು ಮಾತೂ ಆಡ್ಲಿಲ್ಲ."

ಮಗಳು ನಸೀಮಾಳಿಗೆ ಐದು ವರ್ಷ. ಅವಳ ತಪ್ಪೇನೂ ಇಲ್ಲ. ಯೂಸುಫ್ ದುಬೈಯಿಂದ ತನ್ನ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಾನೆ. ಮನೆಯವರೆಲ್ಲ ಟೇಪ್‌ರೆಕಾರ್ಡರಿನ ಸುತ್ತ ಕೂತು ಕೇಳುತ್ತಾರೆ. ನಸೀಮಾಳ ಲೆಕ್ಕದಲ್ಲಿ ಅವಳ ಅಬ್ಬಾ ಇರುವುದು ಆ ಪೆಟ್ಟಿಗೆಯೊಳಗೆ. ಸೆಂಟು ಹಚ್ಚಿಕೊಂಡು ಸೂಟ್‌ಕೇಸ್ ಹಿಡಿದು ಮನೆಗೆ ಬಂದಿರುವ ಇವರು ಬೇರೆ ಯಾರೋ. ಹೆಸರು ಬೇಕಾದಾಗ 'ದುಬೈಯವರು' ಎನ್ನುತ್ತಾಳಂತೆ. ಅವರು ತಂದ ಗೊಂಬೆ, ಫ್ರಾಕು, ಚಾಕಲೇಟು ಎಲ್ಲವನ್ನೂ ಅಜ್ಜಿಯ ಕೈಯಿಂದಲೇ ಇಸಿದುಕೊಂಡಳು. ನೆಂಟರೆದುರು ತುಟಿ ಬಿಚ್ಚದ ಹುಡುಗಿ. ಅಪ್ಪನೆದುರೂ ಹಾಗೆಯೇ.

ಉಳಿದದ್ದು ರೈಲೊಂದು. ಕೊನೆಗೆ ಬಿಚ್ಚೋಣವೆಂದು ಇಟ್ಟಿದ್ದ ರೈಲು. ಅದೂ ಕೈಕೊಟ್ಟಿತ್ತು.

ಆದದ್ದಿಷ್ಟು. ಯೂಸುಫ್ ಎಂಜಿನ್ನನ್ನು ಒಂದು ಅಂಗಡಿಯಲ್ಲಿ ಕೊಂಡ. ಡಬ್ಬಿಗಳ ಬಣ್ಣ ಇನ್ನೊಂದು ಅಂಗಡಿಯಲ್ಲಿ ಚೆಂದ ಕಂಡಿತು, ಅಲ್ಲಿ ಅವನ್ನು ಕೊಂಡ. ರೈಲೇ ಇಲ್ಲದ ಊರಿನವನಿಗೆ ಎಂಜಿನ್ನಿನ ಕೊಂಡಿಯೂ ಡಬ್ಬಿಯ ಕೊಂಡಿಯೂ ಒಂದೇ ಜಾತಿಯದಾಗಬೇಕೆಂದು ಹೇಗೆ ಗೊತ್ತಾಗಬೇಕು? ನನಗೂ ಗೊತ್ತಾಗುತ್ತಿರಲಿಲ್ಲ ಬಿಡಿ.

"ಎಂಜಿನ್ನು ಹೋಗ್ತದೆ ಮಾಸ್ತರೇ. ಡಬ್ಬಿ ನಿಂತಲ್ಲೇ ನಿಂತಿರ್ತದೆ," ಎಂದ ಯೂಸುಫ್. ಅವನ ಮುಖ ನೋಡಿ ತಮಾಷೆ ಮಾಡಲು ಮನಸ್ಸಾಗಲಿಲ್ಲ.

ಇಸ್ಮಾಯಿಲ್ ಆಗಲೇ ತನ್ನ ವಿದ್ಯೆ ತೋರಿಸಿದ್ದ. ಅಂಗಡಿಯ ದಾರ ತಂದು ಎಂಜಿನ್ನಿಗೂ ಡಬ್ಬಿಗೂ ಬಟ್ಟೆಯ ಬೇಲು ಕಟ್ಟಿದಂತೆ ಬಿಗಿದಿದ್ದ. ರೈಲು ಹೊರಟಿತು, ಮೊದಲ ತಿರುವಿನಲ್ಲೇ ಡಬ್ಬಿ ಮಗುಚಿತು. ಬಿಗಿದರೆ ಆಗದು. ಕೊಂಡಿ ಎಂದರೆ ಹಿಡಿದಿರಬೇಕು, ಅತ್ತಿತ್ತ ಆಡುತ್ತಲೂ ಇರಬೇಕು. ಇಲ್ಲವಾದರೆ ತಿರುವಿನಲ್ಲಿ ಡಬ್ಬಿ ಹಳಿ ಬಿಡುತ್ತದೆ. (ಸಂಸಾರಕ್ಕೂ ಇದೇ ಮಾತು ಹೇಳಬಹುದಿತ್ತು. ಮನೆಯವಳು ಈ ಅಂಕಣ ಓದುತ್ತಾಳೆ, ಆದ್ದರಿಂದ ಬೇಡ.)

ಡಬ್ಬಿಯ ಮೂತಿಯಲ್ಲಿ ಒಂದು ಕೊಕ್ಕೆಯಿತ್ತು. ಎಂಜಿನ್ನಿನ ಹಿಂದೆ ಅದಕ್ಕೆ ತಕ್ಕ ತಂತಿಯ ಬಳೆಯೊಂದು ಬೇಕು. ಎಂಜಿನ್ನು ಹಿಂದೆ ಸರಿದು ಡಬ್ಬಿಗೆ ತಾಗಿದಾಗ ಬಳೆ ಮೇಲೆದ್ದು, ತನ್ನ ಭಾರಕ್ಕೆ ತಾನೇ ಕೊಕ್ಕೆಯ ಮೇಲೆ ಬೀಳಬೇಕು. ಇಷ್ಟನ್ನು ಡಬ್ಬಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ ಕಲಿತೆ. ಎಂಜಿನ್ನಿನ ಅಡಿಯ ಸ್ಕ್ರೂ ಬಿಚ್ಚಿ ಹಳೆಯ ಕೊಂಡಿ ತೆಗೆದೆ. ಪೌಡರ್ ಡಬ್ಬದ ತಗಡು ಕತ್ತರಿಸಿ ಹೊಸದಕ್ಕೊಂದು ನಾಲಿಗೆ ಮಾಡಿದೆ. ಬಳೆಗೆ ಸೇಫ್ಟಿಪಿನ್ನಿನ ತಂತಿ. ಅದು ಏಳಲು ಬೀಳಲು ಅಚ್ಚಾಗಿ ಗುಂಡುಪಿನ್ನಿನ ತುಂಡು. ಮೊದಲ ಸಲ ಬಳೆ ಎತ್ತರವಾಯಿತು, ಇನ್ನೊಮ್ಮೆ ತಗ್ಗಾಯಿತು, ಮತ್ತೊಮ್ಮೆ ಸಿಡಿದು ಮಂಚದ ಅಡಿಗೆ ಹೋಯಿತು. ದೀಪ ಹಾಕುವ ಹೊತ್ತಿಗೆ ಟಕ್ ಎಂದು ಸರಿಯಾಗಿ ಬಿತ್ತು.

ಆಗ ಇಸ್ಮಾಯಿಲನ ತಾಯಿ ಅಂದರು: "ಒಂದು ಹನಿ ಎಣ್ಣೆ ಬಿಡಿ ಮಾಸ್ತರೇ. ಎಣ್ಣೆ ಇಲ್ದೆ ಯಾವ ಮಿಷನ್ನು ಓಡ್ತದೆ?"

ಎಂಥ ಒಳ್ಳೆಯ ಮಾತು! ಹೊಲಿಗೆ ಮಿಷನ್ನಿನ ಎಣ್ಣೆ ಹುಡುಕಿದರು. ಬಾಟಲಿ ಖಾಲಿ. ಆದರೇನಂತೆ, ನಮ್ಮ ಕಡೆ ಎಣ್ಣೆಗೆ ಬರವೇ? ಮೀನು ಹುರಿಯಲು ತೆಂಗಿನೆಣ್ಣೆ, ತಲೆಗೆ ತೆಂಗಿನೆಣ್ಣೆ, ಸುಟ್ಟ ಗಾಯಕ್ಕೆ ತೆಂಗಿನೆಣ್ಣೆ, ಕಿರುಗುಟ್ಟುವ ಬಾಗಿಲಿಗೆ ತೆಂಗಿನೆಣ್ಣೆ. ದುಬೈ ರೈಲಿಗೆ ಮಾತ್ರ ಯಾಕೆ ಬೇಡ? ಇಸ್ಮಾಯಿಲ್ ಧಾರಾಳವಾಗಿ ಬಿಟ್ಟ. ನಾನು ಧಾರಾಳವಾಗಿ ತಲೆಯಾಡಿಸಿದೆ. ರೈಲು ಬೆಣ್ಣೆಯ ಹಾಗೆ ಓಡಿತು. ದೊಡ್ಡವರೆಲ್ಲ ಚಪ್ಪಾಳೆ ಹೊಡೆದೆವು. ನಸೀಮಾಳಿಗೆ ಆಗಲೇ ನಿದ್ದೆ ಬಂದಿತ್ತು. ಬೆಳಿಗ್ಗೆ ಅವಳೆದುರೇ ಅಪ್ಪ ಜೋಡಿಸಿ ಓಡಿಸಲಿ ಎಂದು ಎಂಜಿನ್ನನ್ನು ಡಬ್ಬಿಯಿಂದ ಬಿಡಿಸಿ ಪೆಟ್ಟಿಗೆಯಲ್ಲಿಟ್ಟೆವು. ನಾನು ಅಲ್ಲೇ ಉಳಿದೆ. ಕಣ್ತುಂಬ ನಿದ್ದೆ ಮಾಡಿದೆ.

ಭಾನುವಾರ ಬೆಳಗ್ಗೆ ಚಳಿಯೋ ಚಳಿ. (ಘಟ್ಟದ ಮೇಲಿನ ಓದುಗರು ನಗಬಾರದು. ಡಿಸೆಂಬರಿನಲ್ಲಿ ನಮಗೂ ಒಂದಿಷ್ಟು ಚಳಿಯಿದೆ, ಇದ್ದಷ್ಟಕ್ಕೆ ನಾವು ಕಿವಿಗೆ ಮಫ್ಲರ್ ಸುತ್ತುತ್ತೇವೆ.) ನಡುಮನೆಯಲ್ಲಿ ಹಳಿ ಜೋಡಿಸಿದರು. ನಸೀಮಾ ಅಜ್ಜಿಯ ಹಿಂದೆ ನಿಂತು ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ಯೂಸುಫ್ ಗುಂಡಿ ಒತ್ತಿದ. ಎಂಜಿನ್ನು ಹಿಂದೆ ಸರಿದು ಡಬ್ಬಿಗೆ ಮುಟ್ಟಿತು.

ಬಳೆ ಬೀಳಲಿಲ್ಲ. ಸೆಟೆದುಕೊಂಡು ಮೇಲೆಯೇ ನಿಂತಿತ್ತು.

ಯೂಸುಫ್ ಬೆರಳಿನಿಂದ ಒತ್ತಿ ಕೂಡಿಸಿದ. ರೈಲು ಹೊರಟಿತು. ತಿರುವು ಬಂತು. ಕೊಂಡಿ ಅತ್ತಿತ್ತ ಆಡಲೊಲ್ಲದು, ಡಬ್ಬಿ ಟಪ್ಪೆಂದು ಮಗುಚಿತು. ಎತ್ತಿಟ್ಟ. ಮತ್ತೆ ಮಗುಚಿತು. ನಸೀಮಾ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿ ಒಳಗೆ ಹೊರಟು ಹೋದಳು. ಅವರದು ನವಾಯತಿ ಮಾತು. ಕೊಂಕಣಿ ಬಲ್ಲ ನನಗೆ ಅರ್ಧಕ್ಕರ್ಧ ತಿಳಿಯುತ್ತದೆ. ಈ ಮಾತು ಪೂರ್ತಿ ತಿಳಿಯಿತು. 'ನನಗೆ ಬೇಡ' ಎಂದಿದ್ದಳು.

ಯೂಸುಫ್ ಎಂಜಿನ್ನನ್ನು ಕೈಯಲ್ಲಿ ಹಿಡಿದು ಕೂತ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಆ ಚಳಿಯಲ್ಲೂ ನನಗೆ ಬೆವರು. ಪಿನ್ನು ಬಾಗಿತೇ? ತಗಡು ಸೊಟ್ಟಗಾಯಿತೇ? ನಿನ್ನೆ ಓಡಿದ್ದು ಇವತ್ತು ಯಾಕೆ ಓಡುವುದಿಲ್ಲ? ಹನ್ನೆರಡಕ್ಕೆ ಐದು ಹೊಡೆಯುವ ಗಡಿಯಾರ ಕಣ್ಣೆದುರು ಬಂತು.

ಅಷ್ಟರಲ್ಲಿ ಅಜ್ಜಿ ಎಣ್ಣೆ ಬಾಟಲಿ ಹಿಡಿದು ಹೊರಗೆ ಬಂದರು. ಭಾನುವಾರ, ಮೊಮ್ಮಗಳ ತಲೆಗೆ ಎಣ್ಣೆ ಹಾಕಬೇಕು. ಬಾಟಲಿ ಬೋರಲು ಹಿಡಿದರು. ಒಂದು ಹನಿ ಬೀಳಲಿಲ್ಲ. "ಎಣ್ಣೆ ಪೂರಾ ಕಟ್ಟಿ ಹೋಗಿದೆ," ಎನ್ನುತ್ತ ಅದನ್ನು ಜಗಲಿಯ ಬಿಸಿಲಿಗೆ ಇಟ್ಟರು.

ಬಾಟಲಿ ನೋಡಿದೆ. ಒಳಗೆಲ್ಲ ಬೆಳ್ಳಗೆ, ಮೇಣದಂತೆ. ಯೂಸುಫನ ಕೈಯಿಂದ ಎಂಜಿನ್ನು ಕಸಿದು ಮಗುಚಿ ನೋಡಿದೆ. ಕೊಂಡಿಯ ಸುತ್ತಲೂ ಅದೇ ಬೆಳ್ಳಗೆ! ನಾಲ್ಕು ದಶಕ ಈ ಕರಾವಳಿಯ ಉಪ್ಪು ತಿಂದಿದ್ದೇನೆ, ಪ್ರತಿ ಚಳಿಗಾಲ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟಿದ್ದೇನೆ, ಆ ಎಣ್ಣೆಯನ್ನೇ ರೈಲಿಗೆ ಹಾಕಿ ರಾತ್ರಿಯಿಡೀ ಗೊರಕೆ ಹೊಡೆದಿದ್ದೇನೆ. ನಮ್ಮವರಲ್ಲದೆ ಇನ್ಯಾರು ಮಾಡಿಯಾರು ಈ ಕೆಲಸ? ಗೊಳ್ಳೆಂದು ನಕ್ಕೆ. ಇಸ್ಮಾಯಿಲನಿಗೆ ನನ್ನ ತಲೆಯ ಬಗ್ಗೆಯೇ ಅನುಮಾನ ಬಂದಿರಬೇಕು.

"ಈಗ ಎಂತ ಮಾಡೂದು?" ಎಂದ ಯೂಸುಫ್.

"ಬಿಸಿಲಿಗೆ ಇಡೂದು!"

ಎಂಜಿನ್ನನ್ನು ಬಾಟಲಿಯ ಮಗ್ಗುಲಿಗೆ ಇಟ್ಟು ಯೂಸುಫ್ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ನಸೀಮಾ ಬಂದಳು. ಅಪ್ಪನಿಗಾಗಿ ಬಂದದ್ದಲ್ಲ. ಬಿಸಿಲಿಗಿಟ್ಟ ಎಣ್ಣೆಯನ್ನು ಕಾಯುವುದು, ಕರಗಿದ ಕೂಡಲೆ ಅಜ್ಜಿಯನ್ನು ಕೂಗುವುದು ಆ ಮನೆಯಲ್ಲಿ ಅವಳ ಕೆಲಸ. ತನ್ನ ಬಾಟಲಿಯ ಪಕ್ಕದಲ್ಲಿ ಎಂಜಿನ್ನು ಕೂತದ್ದನ್ನು ನೋಡಿ ಹುಬ್ಬೇರಿಸಿದಳು.

"ಇದಕ್ಕೂ ಚಳಿಯಾಗಿದೆ," ಎಂದ ಯೂಸುಫ್, ಅವಳ ಕಡೆ ನೋಡದೆ, ಎಂಜಿನ್ನಿಗೇ ಹೇಳಿದಂತೆ.

ಅವಳು ಅವನ ಬಾಯಿಯನ್ನೇ ದಿಟ್ಟಿಸಿದಳು. ಟೇಪ್‌ರೆಕಾರ್ಡರಿನ ದನಿ ಅಲ್ಲಿಂದ ಬಂದದ್ದು ಹೇಗೆ ಎಂದು ನೋಡುತ್ತಿದ್ದಳೋ ಏನೋ. ಆಮೇಲೆ ಒಂದು ಗೇಣು ಬಿಟ್ಟು ಕೂತಳು. ಇಬ್ಬರೂ ಬಾಟಲಿ ನೋಡಿದರು. ಎಂಜಿನ್ನು ನೋಡಿದರು. ಕಾಗೆಯೊಂದು ಹೊಳೆಯುವ ಎಂಜಿನ್ನಿಗೆ ಹೊಂಚು ಹಾಕಿತು, ಇಬ್ಬರೂ ಒಟ್ಟಿಗೇ ಕೈ ಬೀಸಿದರು. ಯೂಸುಫ್ ಕರಗಿತೇ ಎಂದು ಬಗ್ಗಿದ. ಅವನ ತಲೆಯ ನೆರಳು ಬಾಟಲಿಯ ಮೇಲೆ ಬಿತ್ತು.

ನಸೀಮಾ ಸಿಡುಕಿದಳು. "ಆಚೆ ಸರಿಯಿರಿ! ಬಿಸಿಲಿಗೆ ಅಡ್ಡ ಬಂದ್ರೆ ಹೇಗೆ ಕರಗೂದು? ಅಷ್ಟೂ ಗೊತ್ತಾಗೂದಿಲ್ವಾ?" ನವಾಯತಿಯಲ್ಲಿ ಅವಳು ಹೇಳಿದ್ದರ ತಾತ್ಪರ್ಯ ಇಷ್ಟು. ಭುಜ ಹಿಡಿದು ದೂಡಿಯೂ ಬಿಟ್ಟಳು.

ಯೂಸುಫ್ ಆಚೆ ಸರಿದು ಕೂತ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಬೈದ್ಳಲ್ಲ ಮಾಸ್ತರೇ, ಇನ್ನು ಆತು. ಹೊರಗಿನವರಿಗೆ ಅವಳು ಬೈಯೂದೇ ಇಲ್ಲ." ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಎಣ್ಣೆ ಕರಗಿತು. ಬಳೆ ಟಕ್ ಎಂದು ತಾನೇ ಬಿತ್ತು. ಇಸ್ಮಾಯಿಲ್ ಪೇಟೆಗೆ ಓಡಿ ಮಿಷನ್ ಎಣ್ಣೆ ತಂದ. ನಾನು ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಕೊಂಡಿ ಒರೆಸಿ, ಹೊಸ ಎಣ್ಣೆಯನ್ನು ಜಿಪುಣನಂತೆ ಬಿಟ್ಟೆ. ರೈಲು ಹೊರಟಿತು, ತಿರುವು ದಾಟಿತು, ಡಬ್ಬಿಗಳು ಹಿಂದೆಯೇ ಹೋದವು. ಗುಂಡಿ ಒತ್ತಿದವಳು ನಸೀಮಾ. ಎರಡು ಸುತ್ತು ಓಡಿಸಿ, "ಸಾಕು, ಮತ್ತೆ ಬಿಸಿಲಿಗೆ ಇಡುವಾ" ಎಂದು ಅಪ್ಪನ ಕೈ ಹಿಡಿದು ಎಳೆದಳು.

ಸಂಜೆಯ ಬಾಂಬೆ ಬಸ್ಸಿನಲ್ಲಿ ಹೊನ್ನಾವರದವರೆಗೆ ನಾನೂ ಯೂಸುಫನ ಪಕ್ಕ ಕೂತೆ. ಅವನು ಕಣ್ಣು ಒದ್ದೆ ಮಾಡಿಕೊಂಡೇ ನಕ್ಕ. "ಅತ್ತಳು ಮಾಸ್ತರೇ! ನಾನು ಹೊರಟೆ ಅಂತ ಅತ್ತಳು. ಹೋದ ಸಲ ಟಾಟಾ ಮಾಡಿದ್ಳು." ಮಗಳು ಅತ್ತದ್ದಕ್ಕೆ ಅಷ್ಟು ಸಮಾಧಾನಪಟ್ಟ ಅಪ್ಪನನ್ನು ನಾನು ಬೇರೆ ನೋಡಿಲ್ಲ.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಓಡ್ತಾ ರೈಲು?"

"ಓಡ್ತು."

"ನಿಮ್ಮಿಂದ?"

"ಬಿಸಿಲಿನಿಂದ."

ಅವಳು ನಂಬಿದಳು. ದುಬೈ, ಬಾಂಬೆ ಅಂತ ದೂರದಲ್ಲಿದ್ದು ರಜೆಗೆ ಬರುವ ಅಪ್ಪಂದಿರೇ, ಮಗು ಹತ್ತಿರ ಬರಲೆಂದು ಆಟಿಕೆ ಹೊತ್ತು ತರುತ್ತೀರಿ, ಸರಿ. ಅದು ಒಂದು ದಿನವೂ ಕೆಡದೆ ಚೆನ್ನಾಗಿ ಓಡಿಬಿಟ್ಟರೆ ಏನು ಮಾಡುತ್ತೀರಿ?