ಒಪ್ಪಿಗೆಯಿದ್ದರೂ ಸಲ್ಲದು

ಜವಾನನಿಗೆ ಸರಕಾರಿ ಕೆಲಸ ಸಿಕ್ಕ ದಿನ ಅವನ ತಾಯಿ ಓಣಿಯ ಉದ್ದಕ್ಕೂ ಹೇಳಿಕೊಂಡು ಬಂದಿದ್ದಳು: "ನನ್ನ ಮಗ ಇನ್ಮೇಲೆ ಆಫೀಸಲ್ಲಿ ಫ್ಯಾನ್ ಕೆಳಗೆ ಕೂತ್ಕೋತಾನೆ." ಫ್ಯಾನು ಅವನ ಹಣೆಯಲ್ಲಿ ಬರೆದಿರಲಿಲ್ಲ. ಕೆಲಸಕ್ಕೆ ಹಾಜರಾದ ಬೆಳಿಗ್ಗೆಯೇ ಹೆಡ್ ಕ್ಲರ್ಕು ಅವನ ಕೈಗೊಂದು ತರಕಾರಿ ಚೀಲ ಕೊಟ್ಟು, "ಸಾಹೇಬರ ಮನೆ ಆಳು ಬಿಟ್ಟು ಹೋಗಿದ್ದಾನಂತೆ. ಎರಡು ದಿನ ಅಲ್ಲಿ ನೋಡ್ಕೊಂಡು ಬಾರಪ್ಪ" ಎಂದ. ಆ ಎರಡು ದಿನ ಮುಗಿಯುವುದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.

ಸಂಬಳ ಕೊಡುವುದು ನೀರು ಸರಬರಾಜು ಇಲಾಖೆ, ದುಡಿಯುವುದು ಸಾಹೇಬರ ಮನೆಯಲ್ಲಿ. ಇದು ಇವನೊಬ್ಬನ ಕತೆಯಲ್ಲ. ಇಲಾಖೆಯ ಪ್ರತಿಯೊಬ್ಬ ದೊಡ್ಡ ಸಾಹೇಬನ ಮನೆಯಲ್ಲೂ ಇಂಥವನೊಬ್ಬ ಇದ್ದ. ಕಾಗದದ ಮೇಲೆ ಕಚೇರಿಯ ಜವಾನ, ನಿಜದಲ್ಲಿ ಬಟ್ಟೆ ಒಗೆಯುವವ, ನಾಯಿ ಅಡ್ಡಾಡಿಸುವವ. ಯಾರಾದರೂ ಕೇಳಿದರೆ ಸಾಹೇಬರೆಲ್ಲರದೂ ಒಂದೇ ಪಾಠ: "ಅವನೇ ಇಷ್ಟಪಟ್ಟು ಬರ್ತಾನೆ." ಕತ್ತೆಯ ಹಿಂದೆ, ಸಾಹೇಬನ ಮುಂದೆ ಸುಳಿಯಬಾರದು ಎಂದು ತಿಳಿದವರು ಹೇಳುತ್ತಾರಲ್ಲ, ಸಾಹೇಬನ ಅಡುಗೆಮನೆಯಲ್ಲೇ ಇರಬೇಕಾದವನು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಲ್ಲ. ನಮ್ಮ ಜವಾನನ ಸಾಹೇಬರು ವರ್ಷದಿಂದ ವರ್ಷಕ್ಕೆ ಮೇಲೇರಿದರು. ಅವರ ಮನೆ ದೊಡ್ಡದಾಯಿತು, ಇವನು ಒರೆಸಬೇಕಾದ ನೆಲವೂ ದೊಡ್ಡದಾಯಿತು.

ಸಾಹೇಬರ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯ ಯಜಮಾನಿಕೆ ಅವರ ತಾಯಿಯದು. ಮುದುಕಿಯ ಬಾಯಿ ಎಂದರೆ ಬಾಯಿ. ಇವನನ್ನು ಅವಳು ಹೆಸರು ಹಿಡಿದು ಕರೆದವಳೇ ಅಲ್ಲ, "ಹುಡುಗ" ಅನ್ನುತ್ತಿದ್ದಳು. ಇವನ ಮೀಸೆ ನರೆತ ಮೇಲೂ ಹುಡುಗನೇ. "ಹುಡುಗ, ಈ ಲೋಟ ತೊಳ್ದಿದ್ಯಾ ಇಲ್ಲ ಅದಕ್ಕೆ ನೀರು ತೋರಿಸಿ ತಂದ್ಯಾ?" ಎಂದು ಬಂದವರ ಎದುರಿಗೇ ಕೇಳುತ್ತಿದ್ದಳು. ಇವನು ಹಲ್ಲು ಕಚ್ಚಿಕೊಂಡು ಮತ್ತೆ ತೊಳೆಯುತ್ತಿದ್ದ. ಮನೆಗೆ ಹೋಗಿ ಹೆಂಡತಿಯ ಎದುರು ಮುದುಕಿಯ ಹಾಗೆಯೇ ಕತ್ತು ಕೊಂಕಿಸಿ ಮಾತಾಡಿ ತೋರಿಸುತ್ತಿದ್ದ, ಇಬ್ಬರೂ ನಕ್ಕು ಹಗುರಾಗುತ್ತಿದ್ದರು. ಆಮೇಲೊಂದು ದಿನ ಮುದುಕಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಅಷ್ಟು ದೊಡ್ಡ ಬಾಯಲ್ಲಿ ಉಳಿದದ್ದು ನಾಲ್ಕೈದು ಮಾತು, ಅದರಲ್ಲಿ "ಹುಡುಗ" ಒಂದು.

ಅಲ್ಲಿಂದ ಅವಳನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು ಎಲ್ಲವೂ ಇವನ ಪಾಲಿಗೆ ಬಂತು. ಅದೇ ಹೊತ್ತಿನಲ್ಲಿ ಇವನ ಸ್ವಂತ ತಾಯಿ ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದಳು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂದಾಗ ಇವನು ಸಾಹೇಬರ ಹತ್ತಿರ ಹೋಗಿ ನಿಂತ. ಅವತ್ತು ಮನೆಗೆ ಯಾರೋ ಮೇಲಧಿಕಾರಿ ಊಟಕ್ಕೆ ಬರುವವರಿದ್ದರು. "ಹೋಗು ಹೋಗು, ಬೇಡ ಅಂದವರ್ಯಾರು? ಊಟದ್ದೊಂದು ಮುಗಿಸಿ ಹೋಗಿಬಿಡು" ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ ಅವರು, ಪಕ್ಕದಲ್ಲಿ ನಿಂತವನಿಗೂ ಒಬ್ಬ ತಾಯಿ ಇರುತ್ತಾಳೆ ಅನ್ನುವುದು ತಲೆಗೆ ಹೋಗಿರಲಿಲ್ಲ ಅಷ್ಟೆ. ಇವನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಮಂಚಕ್ಕೆ ಬೇರೆ ಹಾಸು ಹಾಸಿ ಆಗಿತ್ತು.

ಎಲ್ಲ ಮುಗಿಸಿಕೊಂಡು ಮತ್ತೆ ಕೆಲಸಕ್ಕೆ ಬಂದ ದಿನ ಇವನು ಮುದುಕಿಯ ಮುಖವನ್ನೂ ನೋಡದೆ ಚಮಚ ಮುಂದೆ ಹಿಡಿದ. ಮುದುಕಿ ಬಾಯಿ ತೆರೆಯಲಿಲ್ಲ. ನೆಟ್ಟಗಿದ್ದ ಎಡಗೈಯಿಂದ ಚಮಚವನ್ನು ಮೆಲ್ಲಗೆ ಇವನ ಕಡೆಗೆ ತಳ್ಳಿದಳು. ಇವನು ಮತ್ತೆ ಹಿಡಿದ, ಅವಳು ಮತ್ತೆ ತಳ್ಳಿದಳು. "ಹುಡುಗ" ಎಂದಳು. ಮೊದಲು ನೀನು ತಿನ್ನು ಅನ್ನುತ್ತಿದ್ದಾಳೆ ಎಂದು ಆಗ ತಿಳಿಯಿತು. ಇವನು ಎರಡು ದಿನದಿಂದ ಏನೂ ತಿಂದಿರಲಿಲ್ಲ, ಅದು ಅವಳಿಗೆ ಹೇಗೆ ಗೊತ್ತಾಯಿತೋ. ಗಂಜಿಯನ್ನು ಬಾಯಿಗೆ ಹಾಕಿಕೊಂಡು ಜವಾನ ತಾಯಿ ಹೋದ ಮೇಲೆ ಮೊದಲ ಸಲ ಅತ್ತ. ಅವತ್ತಿನಿಂದ ಅದೇ ಪದ್ಧತಿಯಾಯಿತು: ಮೊದಲ ಚಮಚ ಇವನಿಗೆ, ಆಮೇಲೆ ಅವಳಿಗೆ.

ಹಾಗಂತ ಅವನ ಎದೆಯಲ್ಲಿದ್ದ ಕಿಚ್ಚು ಆರಲಿಲ್ಲ. ನೌಕರರ ಸಂಘ ವರ್ಷಗಟ್ಟಲೆ ಬಡಿದಾಡಿದ ಮೇಲೆ ಸರಕಾರ ಕೊನೆಗೆ ಹೊಸ ಕಾಯ್ದೆಯ ಕರಡು ಮಾಡಿ, ನೌಕರರ ಮಾತು ಕೇಳಲು ಸಭೆ ಕರೆದಾಗ ಇವನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಸರಕಾರಿ ನೌಕರನನ್ನು ಅಧಿಕಾರಿಯ ಮನೆಗೆಲಸಕ್ಕೆ ಹಚ್ಚಿದರೆ ಆ ಅಧಿಕಾರಿಯ ಹುದ್ದೆ ಹೋಗುತ್ತದೆ ಎಂದು ಕರಡಿನಲ್ಲಿತ್ತು. "ನೌಕರನೇ ಒಪ್ಪಿ ಹೋದರೆ?" ಎಂದು ವೇದಿಕೆಯ ಮೇಲಿದ್ದವರೊಬ್ಬರು ಕೇಳಿದರು. ಜನ್ಮದಲ್ಲಿ ಮೈಕಿನ ಹತ್ತಿರ ಸುಳಿಯದ ಜವಾನ ಎದ್ದು ನಿಂತ.

"ಒಪ್ಪಿಗೆ ಅನ್ನೋ ಮಾತನ್ನೇ ತೆಗೆದುಹಾಕಿ ಸ್ವಾಮಿ" ಎಂದ. "ಒಪ್ಪಿದೀನಿ ಅಂತ ನಾವು ದಿನಾ ಹೇಳ್ತೀವಿ. ಹೇಳದೆ ಎಲ್ಲಿಗೆ ಹೋಗೋಣ? ನಮ್ಮಮ್ಮ ಸಾಯ್ತಿದ್ದಾಗಲೂ ನಾನು ಒಪ್ಕೊಂಡೇ ಅಡುಗೆಮನೇಲಿ ನಿಂತಿದ್ದೆ."

ಕಾಯ್ದೆ ಹೊರಬಂದಾಗ ಅದರಲ್ಲೊಂದು ಹೊಸ ಸಾಲು ಸೇರಿತ್ತು: ನೌಕರನ ಒಪ್ಪಿಗೆಯಿದ್ದರೂ ಸಲ್ಲದು. ಸಂಘದ ಕಾರ್ಯದರ್ಶಿ ಇವನ ಬೆನ್ನು ತಟ್ಟಿ, "ಇದು ನಿನ್ನ ಸಾಲು ಕಣಯ್ಯ" ಎಂದ. ಜವಾನ ಆ ಸಂಜೆ ಹೆಂಡತಿಗೆ ಅದನ್ನು ಎರಡೆರಡು ಸಲ ಹೇಳಿದ.

ಸಾಹೇಬರುಗಳ ಮನೆಯಿಂದ ಜವಾನರೆಲ್ಲ ಕಚೇರಿಗೆ ಮರಳಿದರು. ಇಷ್ಟೊಂದು ಜನ ತನ್ನಲ್ಲಿದ್ದಾರೆ ಅನ್ನುವುದೇ ಇಲಾಖೆಗೆ ಮರೆತುಹೋಗಿತ್ತು. ಕೂರಿಸಲು ಜಾಗವಿಲ್ಲದೆ ಪಡಸಾಲೆಯಲ್ಲಿ ಉದ್ದದ ಬೆಂಚು ಹಾಕಿಸಿದರು. ಅಲ್ಲಿ ಅವರು ಬೀಗರ ಮನೆಗೆ ಬಂದವರ ಹಾಗೆ ಇಸ್ತ್ರಿ ಶರಟು ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ತಾಯಿ ಇದ್ದಿದ್ದರೆ ಒಂದು ಸಲ ಕರೆತಂದು ತೋರಿಸಬಹುದಿತ್ತು ಎಂದುಕೊಂಡ ಜವಾನ. ಮಧ್ಯಾಹ್ನದ ಹೊತ್ತು ಮಾತ್ರ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುದುಕಿಯ ಊಟದ ಹೊತ್ತು ಅದು.

ಭಾನುವಾರ ಎದ್ದವನೇ ಸಾಹೇಬರ ಮನೆಗೆ ಹೊರಟ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ರೀ?"

"ಸುಮ್ನೆ ನೋಡ್ಕೊಂಡು ಬರ್ತೀನಿ."

"ಅತ್ತೆ ಆಸ್ಪತ್ರೇಲಿ ಮಲಗಿದ್ದಾಗ ಹೋಗೋಕೆ ನಿಮ್ಗೆ ಕಾಲಿರಲಿಲ್ಲ. ಈಗ ಕಾಲು ಬಂತಾ?"

ಆ ಮಾತು ಸುಳ್ಳಲ್ಲ, ಆದರೂ ಹೋದ. ಗೇಟಿನ ಹತ್ತಿರ ಸಾಹೇಬರೇ ಎದುರಾದರು. ಇವನನ್ನು ಕಂಡು ಅವರು ಬೀದಿಯ ಆಚೀಚೆ ನೋಡಿದರು. "ಬೇಡಪ್ಪ, ಒಳಗೆ ಬರಬೇಡ. ಯಾರಾದ್ರೂ ಒಂದು ಫೋಟೋ ಹೊಡೆದ್ರೆ ನನ್ನ ಕತೆ ಮುಗೀತು. ರಿಟೈರ್ ಆಗೋ ಹೊತ್ತಲ್ಲಿ ನನಗ್ಯಾಕೆ ಈ ಗ್ರಹಚಾರ?" ಎಂದರು. ನರ್ಸ್ ಇಟ್ಟಿದ್ದೇನೆ, ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಚಮಚ ಹಿಡಿದರೆ ಹಿಂದಕ್ಕೆ ತಳ್ಳುತ್ತಾರೆ ಎಂದೂ ಹೇಳಿದರು. ಜವಾನ ಗೇಟಿನ ಸರಳು ಹಿಡಿದುಕೊಂಡು, "ತಿನ್ಸೋರು ಮೊದಲು ಒಂದು ಚಮಚ ತಿನ್ಬೇಕು ಸಾರ್. ನರ್ಸಮ್ಮ ಬೇಡ, ನೀವೇ ಪಕ್ಕದಲ್ಲಿ ಕೂತು ತಿನ್ನಿ" ಎಂದ. ಸಾಹೇಬರು ತಲೆಯಾಡಿಸಿದರು. ಅವನು ಮುದುಕಿಯ ಕೋಣೆಯ ಕಿಟಕಿಯ ಕಡೆ ಒಮ್ಮೆ ನೋಡಿ ತಿರುಗಿದ.

ಸಾಹೇಬರು ಹಾಗೆಯೇ ಮಾಡಿದರಂತೆ. ಮುದುಕಿ ಮಗನ ಮುಖವನ್ನೇ ನೋಡುತ್ತ ಎರಡು ದಿನ ಉಂಡಳಂತೆ. ಮೂರನೆಯ ದಿನ ಅವರಿಗೆ ಮೀಟಿಂಗು, ಅದರ ಮರುದಿನ ಪ್ರವಾಸ. ನರ್ಸಮ್ಮ ರೋಗಿಯ ತಟ್ಟೆಯಿಂದ ತಿನ್ನಲಾರೆ ಎಂದಳು, ಅದು ಅವಳ ತಪ್ಪಲ್ಲ. ಮುದುಕಿ ಮತ್ತೆ ಬಾಯಿ ಮುಚ್ಚಿದಳು. ಸಾಹೇಬರು ಮರಳಿ ಬಂದು ಕೂತರೂ ತೆರೆಯಲಿಲ್ಲ. ಆಸ್ಪತ್ರೆಯವರು ಮನೆಗೇ ಬಂದು ಮೂಗಿಗೆ ಊಟದ ನಳಿಗೆ ಹಾಕಿದರೆ ಎಡಗೈಯಿಂದ ಕಿತ್ತುಹಾಕಿದಳು.

ಇದನ್ನೆಲ್ಲ ಹೇಳಿದವರು ಸಾಹೇಬರೇ. ಒಂದು ದಿನ ಅವರು ತಮ್ಮ ಕೋಣೆಯಿಂದ ಇಳಿದು ಪಡಸಾಲೆಯ ಬೆಂಚಿನ ಹತ್ತಿರ ಬಂದು ನಿಂತರು. ಬೆಂಚಿನಲ್ಲಿದ್ದವರೆಲ್ಲ ದಡಕ್ಕನೆ ಎದ್ದರು. ಸಾಹೇಬರ ಗಡ್ಡ ಬೆಳೆದಿತ್ತು.

"ಬಂದುಬಿಡಪ್ಪ" ಎಂದರು. "ನನ್ನ ಹುದ್ದೆ ಹೋದ್ರೆ ಹೋಗ್ಲಿ. ಅಮ್ಮ ಬಾಗಿಲನ್ನೇ ನೋಡ್ತಾ ಮಲಗಿರ್ತಾರೆ. ನಿನ್ನನ್ನೇ ಕರೀತಾರೆ."

ಜವಾನನ ಕಾಲು ಆಗಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲೇ ಇದ್ದ ಸಂಘದ ಕಾರ್ಯದರ್ಶಿ ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದ.

"ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ನೋಡು, ಇವತ್ತು ನೀನು ಹೋದ್ರೆ, ರಜೆ ಹಾಕಿ ಹೋದ್ರೂ ಅಷ್ಟೇ, ನಾಳೆ ಎಲ್ಲಾ ಸಾಹೇಬ್ರೂ ಒಬ್ಬೊಬ್ಬ ಮುದುಕಿಯನ್ನ ಮುಂದೆ ಮಾಡ್ಕೊಂಡು ಬರ್ತಾರೆ. ಆ ಸಾಲು ಬರೆಸಿದವನೇ ಇಷ್ಟಪಟ್ಟು ಹೋದ ಅಂತಾರೆ. ಇವರಿಗೆಲ್ಲ ಏನು ಹೇಳೋಣ?"

ಜವಾನ ಬೆಂಚಿನ ಕಡೆ ನೋಡಿದ. ಎಲ್ಲರೂ ಇವನನ್ನೇ ನೋಡುತ್ತಿದ್ದರು. ಹೆಂಡತಿಯ ಹೆರಿಗೆಯ ದಿನ ಸಾಹೇಬನ ಕಾರು ತೊಳೆದವನು ಅಲ್ಲಿದ್ದ. ಸಾಹೇಬನ ಮಗಳಿಂದ ಕೆನ್ನೆಗೆ ಹೊಡೆಸಿಕೊಂಡವನಿದ್ದ. ಅವರಲ್ಲಿ ಯಾರೂ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನು ಸಾಹೇಬರ ಹತ್ತಿರ ಹೋಗಿ, "ಆಗಲ್ಲ ಸಾರ್" ಎಂದ. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಅವನು ಹೇಳಿದ ಮೊದಲ "ಆಗಲ್ಲ" ಅದು. ಎಷ್ಟೋ ಸಲ ಹೇಳಬೇಕೆಂದು ನಾಲಿಗೆಯ ತುದಿಗೆ ತಂದು ನುಂಗಿದ್ದ ಮಾತು, ಕೊನೆಗೂ ಹೇಳುವ ಹೊತ್ತಿಗೆ ಅವನಿಗೆ ಬೇಡವಾಗಿತ್ತು. ಸಾಹೇಬರು ತಿರುಗಿ ಮೆಟ್ಟಿಲು ಹತ್ತಿದರು.

ಆ ವಾರದ ಕೊನೆಗೆ ಮುದುಕಿ ತೀರಿಕೊಂಡಳು. ಸುದ್ದಿ ಕೇಳಿದ ಹೆಂಡತಿ ಅವನ ಒಗೆದ ಶರಟು ತೆಗೆದುಕೊಟ್ಟಳು. ಸಾವಿನ ಮನೆಗೆ ಹೋಗುವುದು ಕೆಲಸವಲ್ಲವಲ್ಲ, ಅದಕ್ಕೆ ಕಾಯ್ದೆಯ ಅಡ್ಡಿಯಿರಲಿಲ್ಲ. ಸಾಹೇಬರ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಳಗೆ ಹೋಗಿ ಅವಳ ಮುಖ ನೋಡಿದ. ಕೆನ್ನೆ ಒಳಕ್ಕೆ ಹೋಗಿ ತೀರ ಚಿಕ್ಕದಾಗಿತ್ತು. ಹೊರಗೆ ಬಂದು ಹಿಂದಿನ ಸಾಲಿನಲ್ಲಿ ಒಂದು ಕುರ್ಚಿಯ ತುದಿಗೆ ಕೂತ. ಆ ಮನೆಯಲ್ಲಿ ಅವನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಮನೆಗೆ ಹೊಸಬಳಾದ ಅಡುಗೆಯವಳು ಎಲ್ಲರಿಗೂ ಕೊಟ್ಟ ಹಾಗೆ ಇವನಿಗೂ ನೀರಿನ ಲೋಟ ಕೊಟ್ಟಳು.

ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದವರೊಬ್ಬರು ಇವನ ಕೆಂಪಾದ ಕಣ್ಣು ನೋಡಿ ಹತ್ತಿರಕ್ಕೆ ಬಾಗಿದರು.

"ನೀವು ಅಜ್ಜಿಗೆ ಏನಾಗ್ಬೇಕು?"

ಜವಾನ ಲೋಟವನ್ನು ನೆಲಕ್ಕಿಟ್ಟ. "ನಾನು ಊಟ ಮಾಡಿಸ್ತಿದ್ದೆ" ಎಂದ.

"ಹೌದಾ? ಪಾಪ, ಕೊನೆಗೆ ಊಟಾನೇ ಬಿಟ್ಟುಬಿಟ್ಟಿದ್ರಂತಲ್ಲ."

"ಹೌದು" ಎಂದ ಜವಾನ. "ನಾನು ಬರಲಿಲ್ಲ."